ರಬ್ಬರ್ ಹಿಡಿದು ಪಾಠ ಕೇಳಿದವರು

ಭಾಲ್ಕಿಯ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಸರ್ ಪೆನ್ನು ಹಿಡಿಯುತ್ತಿದ್ದುದು ಹಾಜರಿ ಹಾಕಲು ಮಾತ್ರ. ಪಾಠದ ನೋಟ್ಸೆಲ್ಲ ಪೆನ್ಸಿಲ್ಲಿನಲ್ಲೇ. ನಮಗೂ ಅದೇ ಅಪ್ಪಣೆ: “ಪೆನ್ಸಿಲ್‌ನ್ಯಾಗ ಬರೀರಿ. ನಾಳಿ ಅಳಸೋದು ಬಂದೀತು.”

ನಕ್ಷತ್ರಗಳ ನಡುವಿನ ಅನಿಲಮೋಡಗಳು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ರೇಡಿಯೋ ಅಲೆಗಳನ್ನು ಜೋರಾಗಿ ಚಿಮ್ಮಿಸಿ ಮತ್ತೆ ಮಂಕಾಗುತ್ತವೆ. ಹೊರಗಿನಿಂದ ಅಷ್ಟೇ ದೊಡ್ಡ ಪೆಟ್ಟು ಬಿದ್ದರೆ ಮಾತ್ರ ಹಾಗಾಗುತ್ತದೆ ಎಂದು ಅವರು ಕಲಿಸಿದ್ದರು. ಬೀದರಿನಲ್ಲಿ ಎಂ.ಎಸ್ಸಿ. ಮಾಡುವಾಗ ನಾನು ಬೇರೆಯೇ ಓದಿದೆ. ಮೋಡದ ಅಸಂಖ್ಯ ಅಣುಗಳು ತಾವೇ ಹೊಮ್ಮಿಸಿದ ಅಲೆಯಿಂದ ಒಂದಕ್ಕೊಂದು ಬೆಸೆದುಕೊಂಡು, ಒಂದೇ ಜೀವದಂತೆ ವರ್ತಿಸಬಲ್ಲವು. ಆಗ ಸಣ್ಣ ನೆಪ ಸಾಕು, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಹೊರಬೀಳುತ್ತದೆ. ಕ್ವಾಂಟಮ್ ಲೋಕದಲ್ಲಿ ಇಂಥದ್ದೂ ಉಂಟು.

ಸೆಮಿನಾರಿಗೆ ಅದನ್ನೇ ಆರಿಸಿಕೊಂಡೆ. ಆ ದಿನ ನೋಡಿದರೆ ಮೊದಲ ಸಾಲಿನಲ್ಲಿ ಸರ್! ಸುದ್ದಿ ತಿಳಿದು ಭಾಲ್ಕಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರಂತೆ. ಅವರ ಪಾಠ ತಪ್ಪೆಂದು ಅವರೆದುರೇ ಹೇಗೆ ಹೇಳಲಿ? ಬೋರ್ಡಿಗೆ ಮುಖ ಮಾಡಿಕೊಂಡು ಹೇಳಿ ಮುಗಿಸಿದೆ.

ಹೊರಗೆ ಬಂದಾಗ ಅವರು ಕಾಯುತ್ತಿದ್ದರು.

“ಸರ್, ತಪ್ಪ ತಿಳ್ಕೋಬ್ಯಾಡ್ರಿ...”

ಅವರು ಹಳೆಯ ನೋಟ್ಸ್ ಬಿಚ್ಚಿ ತೋರಿಸಿದರು. ಅನಿಲಮೋಡದ ಪಾಠವಿದ್ದ ಪುಟ ಪೂರ್ತಿ ಖಾಲಿ. ಅಂಗಿಯ ಮೇಲೆಲ್ಲ ರಬ್ಬರಿನ ಪುಡಿ.

“ನೀ ಹೇಳ್ಕೋತ ಹೋದಿ, ನಾ ಅಳಸ್ಕೋತ ಬಂದೆ. ಈಗ ಖರೇದು ನೀನೇ ಬರಿಯವ್ವಾ.”

ಎದೆಯಲ್ಲಿ ಹಿಡಿದಿಟ್ಟಿದ್ದೆಲ್ಲ ನಗುವಾಗಿ ಹೊರಬಿತ್ತು. ಜಂಬದಿಂದಲೇ ಪೆನ್ನು ತೆಗೆದೆ.

ಅವರು ಮೆಲ್ಲಗೆ ನನ್ನ ಕೈ ತಡೆದು, ಜೇಬಿನಿಂದ ಪೆನ್ಸಿಲ್ ತೆಗೆದುಕೊಟ್ಟರು.