ಫೊಯರ್‌ಬಾಕಿನ ಸೀನಾ ಅತ್ತೆ

ಶನಿವಾರ ಬೆಳಿಗ್ಗೆ ನ್ಯೂರೆಂಬರ್ಗಿನಿಂದ ಹೊರಟೆ. ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿದ್ದರೂ ಕೈ ಬಿಗಿ ಬಿಟ್ಟಿರಲಿಲ್ಲ. ಅಗ್ಗದ ವೀಕೆಂಡ್ ಟಿಕೆಟ್ ಕೊಂಡು, ಊರೂರಿಗೂ ನಿಲ್ಲುವ ರೈಲು ಹತ್ತಿ, ಕ್ರೈಲ್ಸ್‌ಹೈಮಿನಲ್ಲಿ ಗಾಡಿ ಬದಲಿಸಿ, ಮಧ್ಯಾಹ್ನಕ್ಕೆ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್ ತಲುಪಿದೆ. ಹೊರಗೆ ಹಿಮ, ಚೀಲದಲ್ಲಿ ಏಷ್ಯನ್ ಅಂಗಡಿಯ ತೆಂಗಿನಕಾಯಿ. ಗೆಳೆಯ ಬಸವರಾಜನ ಮಗಳಿಗೆ ಅಂದು ಹೆಸರಿಡುವುದಿತ್ತು.

ಕಾಯಿ ನೋಡಿ ಅವನ ಹೆಂಡತಿ ಶೋಭಾ ಮುಖ ಸಪ್ಪೆ ಮಾಡಿದಳು. "ಜುಟ್ಟs ಇಲ್ಲಲ್ರಿ, ಅಣ್ಣಾರ."

ಇಲ್ಲಿ ಕಾಯಿಗೂ ಕ್ಷೌರ ಮಾಡಿಯೇ ಮಾರುತ್ತಾರೆ ಎಂದೆ. ಆಕೆ ನಗಲಿಲ್ಲ. ಅವಳ ನಿಜವಾದ ಚಿಂತೆ ಬೇರೆಯಿತ್ತು. ಅವರ ಧಾರವಾಡದ ಕಡೆ ಮಗುವಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಬಸವರಾಜನ ಅಕ್ಕನಿಗೆ ವೀಸಾ ಸಿಕ್ಕಿರಲಿಲ್ಲ.

"ಅತ್ತಿ ಇಲ್ಲದ ಹೆಸರು ಕೂಸಿಗೆ ಹತ್ತತದೇನ್ರಿ?" ಎಂದು ಕಣ್ಣು ತುಂಬಿಕೊಂಡಳು.

ಅಷ್ಟರಲ್ಲಿ ಎದುರು ಮನೆಯ ಸೀನಾ ಬಂದರು. ಸಮೋವಾ ದ್ವೀಪದವರು, ಗಂಡ ಜರ್ಮನ್. ಬಾಣಂತಿಗೆ ತಿಂಗಳಿಡೀ ಸೂಪು ಮಾಡಿಕೊಟ್ಟವರು. ಬೋಳು ಕಾಯಿಯ ಮೂರು ಕಣ್ಣು ಕಂಡದ್ದೇ ಅದನ್ನೆತ್ತಿ ಮುತ್ತಿಟ್ಟರು. ಅವರ ನಾಡಿನ ಕಥೆಯಲ್ಲಿ ಸೀನಾ ಎಂಬ ಚೆಲುವೆಯನ್ನು ಹಾವುಮೀನೊಂದು ಪ್ರೀತಿಸಿತಂತೆ. ಸಾಯುವ ಮುಂಚೆ, ನನ್ನ ತಲೆಯನ್ನು ನಿನ್ನ ಮನೆಯ ಮುಂದೆ ಹೂಳು ಎಂದಿತಂತೆ. ಅಲ್ಲಿ ಹುಟ್ಟಿದ್ದೇ ಮೊದಲ ತೆಂಗು. ಕಾಯಿಯ ಮೂರು ಗುರುತು ಆ ಮೀನಿನ ಕಣ್ಣು, ಬಾಯಿ. ಎಳನೀರು ಕುಡಿದಾಗಲೆಲ್ಲ ಸೀನಾ ಅದಕ್ಕೆ ಮುತ್ತು ಕೊಟ್ಟಂತೆ.

"ನಿಮ್ಮ ಹೆಸರಿನ ಅರ್ಥ?" ಎಂದು ಕೇಳಿದೆ.

"ಬಿಳುಪು. ಅಜ್ಜಿಯ ಕೂದಲಿನ ಬಿಳುಪು," ಎಂದರು.

ಬಸವರಾಜ ನನ್ನ ಮುಖ ನೋಡಿದ. ಮಗುವಿಗೆ ಅವರು ಆರಿಸಿದ್ದ ಹೆಸರು ಗೌರಿ, ಅದರರ್ಥವೂ ಬಿಳಿಯವಳೆಂದೇ.

"ಇವರs ಅತ್ತಿ ಆಗಲಿ," ಎಂದಳು ಶೋಭಾ.

ಸೀನಾ ತೊಟ್ಟಿಲಿಗೆ ಬಾಗಿ ಹೆಸರು ಕರೆದರು. ಕರೆದವಳ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ಅದನ್ನು ಅವರಿಗೆ ಹೇಳುವುದನ್ನೇ ಮರೆತಿದ್ದೆವು. ಶೋಭಾಳ ಗೆಳತಿಯರು ಚೆನ್ನಾಗಿಯೇ ಕೈತೀಟೆ ತೀರಿಸಿಕೊಂಡರು. ಸೀನಾ ಗಾಬರಿಯಿಂದ ತಿರುಗಿ, "ಹೆಸರು ತಪ್ಪು ಹೇಳಿದೆನೆ?" ಎಂದರು. ಕಾರಣ ತಿಳಿದ ಮೇಲೆ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟರು.

ಊಟವಾದ ಮೇಲೆ ಧಾರವಾಡಕ್ಕೆ ಫೋನ್ ಮಾಡಿದೆವು. ಬಸವರಾಜ ಅಕ್ಕನಿಗೆ ಸುದ್ದಿ ಹೇಳಿದ. ಹೆಸರನ್ನು ಅವರು ಒಪ್ಪದಿದ್ದರೆ ಏನು ಗತಿಯೆಂದು ಶೋಭಾ ಸೆರಗು ಹಿಂಡುತ್ತ ನಿಂತಳು.

"ಗುದ್ದು ಜೋರ ಬಿತ್ತೇನೋ?" ಅಕ್ಕನ ದನಿ ಒಡೆದಿತ್ತು.

"ಜೋರs ಬಿತ್ತು, ಅಕ್ಕಾ."

"ಹಂಗಾರ ಹೆಸರು ಗಟ್ಟಿ ಆತು. ನನಗಂತ ತಗದಿಟ್ಟ ಸೀರಿ ಆಕಿಗೆ ಉಡಸ್ರಿ."

ಸಂಜೆ ಸ್ಟೇಷನ್ನಿನತ್ತ ಹೊರಟವನು ಒಮ್ಮೆ ತಿರುಗಿ ನೋಡಿದೆ. ಕಿಟಕಿಯ ಗಾಜಿನ ಹಿಂದೆ ಇಳಕಲ್ ಸೀರೆಯುಟ್ಟ ಸೀನಾ, ಗೌರಿಯ ಪುಟ್ಟ ಕೈ ಹಿಡಿದು ನನ್ನತ್ತ ಬೀಸುತ್ತಿದ್ದರು.