ಕಾಲು ಊರದ ಅತ್ತಿಗೆ

ನಮ್ಮ ಅತ್ತಿಗೆ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸವೊಂದು ಅವರ ಆಸ್ಪತ್ರೆಯಲ್ಲಿ ಖಾಲಿಯಾಯಿತು. ರಾತ್ರಿಪಾಳಿಯಲ್ಲಿ ಸವೆದುಹೋಗಿದ್ದ ಅತ್ತಿಗೆಗೆ ಅದು ಬೇಕೇ ಬೇಕಿತ್ತು. ದೊಡ್ಡ ಡಾಕ್ಟರು ಒಂದೇ ಷರತ್ತು ಹಾಕಿದರು: ತಿಂಗಳ ಕೊನೆಯೊಳಗೆ ಸ್ಕೂಟರ್ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ಪರೀಕ್ಷೆಯಲ್ಲಿ ಮೊದಲು ಎಂಟು ಹಾಕಬೇಕು. ನೆಲದ ಮೇಲೆ ಬಳಿದ ಎಂಟರ ಗೆರೆಯಲ್ಲಿ ಕಾಲು ಊರದೆ ಸುತ್ತಬೇಕು. ಅತ್ತಿಗೆಗೋ ಚಿಕ್ಕಂದಿನಿಂದ ಸೈಕಲ್ ಅಭ್ಯಾಸ; ಸ್ವಲ್ಪ ಹೆದರಿದರೂ ಕಾಲು ತಾನಾಗಿ ನೆಲ ಹುಡುಕುತ್ತಿತ್ತು. ಮೊದಲ ಸಲ ಫೇಲಾದರು.

"ಹೋಗ್ಲಿ ಬಿಡೇ, ಈ ಮನೇಲಿ ಕಾಲೂರಿದ್ದೀಯಲ್ಲ, ಅಷ್ಟು ಸಾಕು" ಎಂದು ಅಣ್ಣ ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ನೀನು ಸುಮ್ನಿರಣ್ಣ. ನಿನಗೆ ಲೈಸೆನ್ಸ್ ಕೊಟ್ಟವರ ಕಣ್ಣು ಮೊದ್ಲು ಪರೀಕ್ಷೆ ಮಾಡಿಸ್ಬೇಕು" ಎಂದೆ.

ಅತ್ತಿಗೆ ಮರುದಿನವೇ ಸುಣ್ಣ ತಂದರು. ಮನೆ ಹಿಂದಿನ ಖಾಲಿ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ದಿನಾ ಬೆಳಿಗ್ಗೆ ಎಂಟು ಹಾಕಿದ್ದೇ ಹಾಕಿದ್ದು. ಬಾಯಲ್ಲಿ "ಕಾಲು ಊರಬಾರದು, ಊರಬಾರದು" ಎಂಬ ಜಪ. ಮಲಗಿದಾಗಲೂ ಕಾಲು ಮಡಚಿಕೊಂಡೇ ಇರ್ತಾಳೆ ಎಂದು ಅಣ್ಣ ದೂರಿದ.

ಎರಡನೆಯ ಸಲ ಎಂಟು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಯಿತು. ಆಮೇಲೆ ರಸ್ತೆಯ ಪರೀಕ್ಷೆ. ತಿರುವಿನಲ್ಲಿ 'ನಿಲ್ಲಿ' ಎಂಬ ಫಲಕ, ಕೆಳಗೆ ಬಿಳಿ ಗೆರೆ. ಅತ್ತಿಗೆ ನಿಧಾನಿಸಿದರು, ಎರಡೂ ಕಡೆ ನೋಡಿದರು, ಆದರೆ ಕಾಲು ಊರಲಿಲ್ಲ! ತೆವಳುತ್ತ ತೆವಳುತ್ತ ಗೆರೆ ದಾಟಿಯೇಬಿಟ್ಟರು.

"ಏನಮ್ಮ, ಫಲಕ ಓದೋಕೆ ಬರಲ್ವಾ?" ಎಂದರು ಪರೀಕ್ಷಕರು.

"ಬರುತ್ತೆ ಸಾರ್. ಕಾಲು ಊರಬಾರದು ಅಂದ್ರಲ್ಲ?"

"ಅಯ್ಯೋ, ಅದು ಎಂಟರಲ್ಲಿ! ಇಲ್ಲಿ ಚಕ್ರ ಪೂರ್ತಿ ನಿಲ್ಬೇಕು. ನಿಧಾನಕ್ಕೆ ಹೋದ್ರೆ ನಿಂತ ಹಾಗಲ್ಲ."

ಮತ್ತೆ ಫೇಲು. ತಿಂಗಳೊಳಗೆ ಉಳಿದದ್ದು ಇನ್ನೊಂದೇ ಅವಕಾಶ. ಸ್ಕೂಟರ್ ಕಲಿಸಿದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅತ್ತಿಗೆಯನ್ನು ಪಕ್ಕಕ್ಕೆ ಕರೆದರು. "ನಾನೊಂದು ಮಾತು ಹೇಳಿದ್ರೆ ಪರೀಕ್ಷೆ ಇಲ್ದೇನೇ ಲೈಸೆನ್ಸ್ ಕೈಗೆ ಬರುತ್ತೆ."

ಹೂಂ ಅನ್ನಿ ಎಂದು ನಾನು ಹಿಂದಿನಿಂದ ತಿವಿದೆ. ಅತ್ತಿಗೆ ನನ್ನ ಕೈ ತಳ್ಳಿದರು. "ಬೇಡ ಮೇಷ್ಟ್ರೇ. ನಿಲ್ಲದೇ ನುಗ್ಗಿದವರಿಗೂ ಪಟ್ಟಿ ಕಟ್ಟಿದ್ದೀನಿ, ಅವರು ಗುದ್ದಿದವರಿಗೂ ಕಟ್ಟಿದ್ದೀನಿ. ನಿಲ್ಲೋದು ಬರಲಿಲ್ಲ ಅಂದ್ರೆ ನಿಲ್ಲೋದೂ ಕಲೀತೀನಿ."

ಕೊನೆಯ ಪರೀಕ್ಷೆ, ಅದೇ ತಿರುವು. ನಾನು ಪರೀಕ್ಷಕರ ಪಕ್ಕ, ಅತ್ತಿಗೆಯ ಹೊಸ ಕೆಲಸದ ಕಥೆಯನ್ನು ಅವರಿಗೆ ಹೇಳುತ್ತ ನಿಂತಿದ್ದೆ. ಅತ್ತಿಗೆ ಗೆರೆಯ ಹಿಂದೆ ನಿಲ್ಲಿಸಿ ಕಾಲು ಊರಿದರು. ಅಷ್ಟರಲ್ಲಿ ಅಜ್ಜ ಒಬ್ಬರು ಕೋಲೂರಿಕೊಂಡು ರಸ್ತೆ ದಾಟತೊಡಗಿ, ನಡುರಸ್ತೆಯಲ್ಲಿ ಸುಧಾರಿಸಿಕೊಳ್ಳಲು ನಿಂತೇಬಿಟ್ಟರು. ಪಕ್ಕದಲ್ಲಿ ಜಾಗವಿತ್ತು, ನುಸುಳಬಹುದಿತ್ತು. ಅತ್ತಿಗೆ ಅಲುಗಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಬಡಿದೇ ಬಡಿದ.

ಹೆಲ್ಮೆಟ್ಟಿನೊಳಗಿಂದಲೇ ಅತ್ತಿಗೆ ಗದರಿದರು: "ಏನ್ರೀ, ನೀವು ಹಾರ್ನ್ ಹೊಡೆದ್ರೆ ಅವರ ಮಂಡಿನೋವು ವಾಸಿ ಆಗುತ್ತಾ?"

ಹಾರ್ನ್ ನಿಂತಿತು. ಅಜ್ಜ ಆಚೆ ಬದಿ ಮುಟ್ಟಿದ ಮೇಲೆಯೇ ಸ್ಕೂಟರ್ ಮುಂದೆ ಹೋಯಿತು. ಪರೀಕ್ಷಕರು ಕಾಗದದ ಮೇಲೆ ಏನೋ ಗೀಚಿ ನನ್ನತ್ತ ತಿರುಗಿದರು.

"ಮನೆಮನೆಗೆ ಹೋಗೋ ನರ್ಸು ಅಂದ್ರಲ್ಲ. ನಮ್ಮಮ್ಮ ಹಾಸಿಗೆ ಹಿಡಿದಿದ್ದಾರೆ. ಆಸ್ಪತ್ರೇಲಿ ಕೇಳಿದ್ರೆ ಇವರನ್ನೇ ಕಳಿಸ್ತಾರಾ?"

"ಮೊದ್ಲು ಪಾಸಾ, ಫೇಲಾ, ಅದನ್ನ ಹೇಳಿ ಸಾರ್!" ಎಂದು ರೇಗಿದೆ.

"ಪಾಸಾಗದೆ ನಮ್ಮಮ್ಮನ ಹತ್ರ ಹೇಗಮ್ಮ ಬರ್ತಾರೆ?" ಎಂದರು ಅವರು.