ಬಾವಿ ಗಂಟ ಉಜ್ಜು

ಆಗ ನನಗೆ ಇಪ್ಪತ್ತಾರು ವರ್ಷ, ಕೋಪ ಮೂಗಿನ ತುದಿಯಲ್ಲೇ. ಮಳವಳ್ಳಿ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ಪಾಠ ಹೇಳಿ, ಪರೀಕ್ಷೆ ಮಾಡಿ, ಪಾಸಾದವರಿಗೆ ಚೀಟಿ ಕೊಡುವ ಕೆಲಸ ನನ್ನದು. ಚೀಟಿ ಇಲ್ಲದವರು ಇನ್ನು ಹೆರಿಗೆಗೆ ಹೋಗಕೂಡದು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು.

ಪೂರಿಗಾಲಿಯ ಅಜ್ಜಿ ಒಬ್ಬಳೇ ಫೇಲಾದಳು. ಸೋಪು ಹಚ್ಚಿ ಮೂರು ನಿಮಿಷ ಕೈ ಉಜ್ಜಬೇಕು ಅನ್ನುವುದು ಮೊದಲ ಪಾಠ. ಪಾಠದ ದಿನ ನಾನೇ ಗಡಿಯಾರ ನೋಡಿ, ಸಾಕು ಅನ್ನುವ ತನಕ ಎಲ್ಲರಿಂದಲೂ ಕೈ ಉಜ್ಜಿಸಿದ್ದೆ. ಪರೀಕ್ಷೆಯ ದಿನ ಗೋಡೆ ಗಡಿಯಾರ ತೋರಿಸಿ, "ಮೂರು ನಿಮಿಷ ಅಂದ್ರೆ ಎಲ್ಲಿಂದ ಎಲ್ಲಿಗೆ?" ಅಂದೆ.

"ಅದೆಲ್ಲ ನಂಗೊತ್ತಾಗಾಕಿಲ್ಲ ಕಣವ್ವ. ಹೆರೋರು ಅದ್ನ ನೋಡ್ಕಂಡು ಹೆತ್ತಾರಾ?"

ಮಿಕ್ಕವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಚೀಟಿ ಇಲ್ಲ, ಹೋಗು ಅಂದೆ. ಅಜ್ಜಿಯ ಮುಖ ಚಿಕ್ಕದಾಯಿತು.

"ಈ ಕೆಲ್ಸ ಬುಟ್ರೆ ನಂಗೇನದವ್ವ? ಒಂದ್ಸಲ ಬಂದು ನೋಡ್ಬುಟ್ಟು ಆಮ್ಯಾಕೆ ಬ್ಯಾಡ ಅನ್ನು."

ಬಿಗುಮಾನ ಬಿಡದೆಯೇ, ಆಗಲಿ, ಮುಂದಿನ ಹೆರಿಗೆಗೆ ಹೇಳಿಕಳಿಸು ಅಂದೆ.

ನಾಲ್ಕನೇ ದಿನ ಬೆಳಿಗ್ಗೆ ಪೂರಿಗಾಲಿಯಿಂದ ಗಾಡಿ ಬಂತು. ಗೌಡರ ಮನೆ ಸೊಸೆಗೆ ನೋವು. ಹೋಗಿ ನೋಡಿದರೆ ಅಜ್ಜಿ ಹಿತ್ತಲಲ್ಲಿ ಬಳೆ ಬಿಚ್ಚಿಟ್ಟು ಕೈ ಉಜ್ಜುತ್ತಿದ್ದಾಳೆ, ಬಾಯಲ್ಲಿ ಮಣಮಣ. ಕೈಗಡಿಯಾರ ನೋಡುತ್ತಾ ಕಿವಿಗೊಟ್ಟೆ.

"ಮೂಲೆಮನೆ, ಎಲ್ಡು ಗಂಡು ಒಂದು ಹೆಣ್ಣು. ಹೆಂಚಿನ ಮನೆ, ಅವಳಿ. ಕುಂಬಾರ್ರ ಮನೆ, ಐದೂ ಹೆಣ್ಣು, ಗುಂಡ್ಕಲ್ಲಂಗವೆ..."

ತಾನು ಹೆರಿಗೆ ಮಾಡಿಸಿದ ಮಕ್ಕಳನ್ನು ಬೀದಿಯ ಸಾಲಿನಲ್ಲಿ ಒಂದೊಂದು ಮನೆಯಾಗಿ ಹೇಳಿಕೊಳ್ಳುತ್ತಿದ್ದಳು! ಮುಗಿಯುವ ಹೊತ್ತಿಗೆ ಐದು ನಿಮಿಷ.

"ಪಾಠದ ದಿನ ನೀ ಸಾಕು ಅನ್ನೋವೊತ್ಗೆ ಬೀದಿ ನಡುವ್ನ ಬಾವಿ ಗಂಟ ಎಣ್ಸ್ಕಂಡು ಬಂದಿದ್ದೆ. ಯಾತಕ್ಕೂ ಇರ್ಲಿ ಅಂತ ಬೀದಿ ಪೂರಾ ಮುಗುಸ್ತೀನಿ" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಣ್ಣು ಮಗು ಹುಟ್ಟಿತು, ಊರಿಗೆಲ್ಲ ಕೇಳುವಂತೆ ಅತ್ತಿತು. ಖುಷಿಯಲ್ಲಿ ಕೈ ಚಾಚಿದೆ. ಅಜ್ಜಿ ಮೊಣಕೈಯಿಂದ ನನ್ನನ್ನು ತಳ್ಳಿದಳು.

"ಮುಟ್ಬ್ಯಾಡ! ಗಾಡಿ ಹಿಡ್ಕಂಡು ಬಂದ ಕೈ. ತೊಳ್ದಾ?"

ತೊಳೆದಿರಲಿಲ್ಲ. ಅವಳ ನಿಮಿಷ ಎಣಿಸುವ ಸಂಭ್ರಮದಲ್ಲಿ ಮರೆತೇಬಿಟ್ಟಿದ್ದೆ. ಬಾಲ ಮುದುರಿಕೊಂಡು ಹಿತ್ತಲಿಗೆ ನಡೆದೆ. ಬಾಣಂತಿಯ ಅತ್ತೆ ನಗು ತಡೆದುಕೊಂಡು ನೀರು ಹುಯ್ದರು. ಒಳಗಿಂದ ಅಜ್ಜಿ ಕೂಗಿದಳು: "ಬಾವಿ ಗಂಟ ಉಜ್ಜು ಕಣವ್ವಾ, ಈ ಮನೆ ಮಗಾನೂ ಸೇರುಸ್ಕ!"

ಒಳಗೆ ಬಂದು, ಚೀಟಿ ಇವತ್ತೇ ಬರೆದುಕೊಡ್ತೀನಿ ಅಜ್ಜಿ ಅಂದೆ. ಅವಳು ನನ್ನ ಅಂಗೈಯನ್ನೂ ಉಗುರನ್ನೂ ತಿರುಗಿಸಿ ತಿರುಗಿಸಿ ನೋಡಿ, ಮಗುವನ್ನು ತಂದು ಕೊಟ್ಟಳು.

"ಈಗ ಇಡ್ಕ. ನೀನೂವೆ ಪಾಸು."